ಸಾಲ ತೀರಿತು, ಬೋಜಾ ತೀರಿತೇ?

ನಾನು ಚಿತ್ರದುರ್ಗ ಜಿಲ್ಲೆಯ ಒಣಬೇಸಾಯದ ರೈತ. ಓದಿದ್ದು ಏಳನೇ ತರಗತಿ. ಶೇಂಗಾ, ತೊಗರಿ, ರಾಗಿ, ಮಳೆ ಕೈಹಿಡಿದ ವರ್ಷ ಒಂದಿಷ್ಟು ಈರುಳ್ಳಿ. ಇಷ್ಟೇ ನನ್ನ ಬದುಕು. ಕಾನೂನು ಹೇಳಿಕೊಡುವಷ್ಟು ತಿಳಿದವನಲ್ಲ. ಆದರೆ ಪಹಣಿಯಲ್ಲಿ ಒಂದು ಅಂಕಿ ಹಿಂದುಮುಂದಾಗಿದ್ದಕ್ಕೆ 12,000 ರೂಪಾಯಿ ಕಳೆದುಕೊಂಡವನು. ನಮ್ಮ ಷಡ್ಡಕ ಅದಕ್ಕಿಂತ ಹೆಚ್ಚು ಕಳೆದುಕೊಂಡ. ಆಮೇಲೆ ಕಚೇರಿ ಕಚೇರಿ ಅಲೆದು, ಪತ್ರ ಬರಹಗಾರರ ಹತ್ತಿರ ಕೂತು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಬಿತ್ತನೆ, ಗೊಬ್ಬರದ ಬಗ್ಗೆ ನಾವು ಎಷ್ಟೋ ಮಾತಾಡ್ತೀವಿ. ಸಾಲದ ದಾಖಲೆ ಬಗ್ಗೆ ಮಾತ್ರ ಯಾರೂ ಬಾಯಿ ಬಿಡೋದಿಲ್ಲ. ಸಾಲ ಅಂದರೆ ನಾಚಿಕೆ. ಆ ನಾಚಿಕೆಯಿಂದಲೇ ನಮಗೆ ನಷ್ಟ.

ನನಗೆ ಆದದ್ದು

2007ರಲ್ಲಿ ಒಂದು ಬ್ಯಾಂಕಿನಿಂದ 60,000 ರೂಪಾಯಿ ಬೆಳೆಸಾಲ ತೆಗೆದಿದ್ದೆ. 2012ರಲ್ಲಿ ಈರುಳ್ಳಿ ಕೈಹಿಡೀತು, ಬಡ್ಡಿ ಸಮೇತ ಕಟ್ಟಿದೆ. ಹಣ ಕಟ್ಟಿದ ರಸೀದಿ ತಂದು ಟ್ರಂಕಿನಲ್ಲಿಟ್ಟೆ. ಸಾಲ ಮುಗಿಯಿತು ಅಂದುಕೊಂಡೆ.

2019ರಲ್ಲಿ ಬಿತ್ತನೆ ಖರ್ಚಿಗೆ ಇನ್ನೊಂದು ಬ್ಯಾಂಕಿಗೆ ಹೋದೆ. ಪಹಣಿ ನೋಡಿದ ಅಧಿಕಾರಿ, "ಯಜಮಾನ್ರೇ, ನಿಮ್ಮ ಹೊಲದ ಮೇಲೆ 60,000 ಬೋಜಾ ಇದೆ. ಅದು ಹೋಗೋವರೆಗೆ ಸಾಲ ಕೊಡೋಕೆ ಬರಲ್ಲ" ಅಂದರು. ಏಳು ವರ್ಷದ ಹಿಂದೆ ತೀರಿಸಿದ ಸಾಲ ಪಹಣಿಯ 11ನೇ ಕಲಮಿನಲ್ಲಿ ಹಾಗೇ ಕೂತಿತ್ತು.

ಹಳೇ ಬ್ಯಾಂಕಿಗೆ ಹೋದೆ. ಮ್ಯಾನೇಜರು ಬದಲಾಗಿದ್ದರು, ಲೆಡ್ಜರು ಹೋಗಿ ಕಂಪ್ಯೂಟರ್ ಬಂದಿತ್ತು. ರಸೀದಿ ತೋರಿಸಿ, ಹಳೇ ಪುಸ್ತಕ ಹುಡುಕಿಸಿ, ಮಾರ್ಚ್ ತಿಂಗಳಲ್ಲಿ ಬೋಜಾ ತೆಗೆಯಲು ತಹಸೀಲ್ದಾರರಿಗೆ ಒಂದು ಪತ್ರ ಬರೆಸಿದೆ. ಪತ್ರ ನನ್ನ ಕೈಗೇ ಕೊಟ್ಟರು. ಓದದೇ ಮಡಚಿ ಜೇಬಿಗಿಟ್ಟು ಕಚೇರಿಗೆ ಕೊಟ್ಟು ಬಂದೆ. ಜೂನ್‌ನಲ್ಲಿ ಪಹಣಿ ತೆಗೆಸಿದರೆ ಬೋಜಾ ಹಾಗೇ ಇದೆ! ವಿಚಾರಿಸಿದರೆ, ಪತ್ರದಲ್ಲಿ ಸರ್ವೆ ನಂಬರ್ 78/2 ಇರಬೇಕಾದಲ್ಲಿ 87/2 ಅಂತ ಟೈಪಾಗಿದೆ. 87/2ರ ಮೇಲೆ ಯಾವ ಬೋಜಾನೂ ಇಲ್ಲ, ಹಂಗಾಗಿ ಪತ್ರ ವಾಪಸ್ ಹೋಗಿದೆ. ನನಗೆ ಯಾರೂ ತಿಳಿಸಲಿಲ್ಲ.

ಸರಿಯಾದ ಪತ್ರ ಬಂದು ಬೋಜಾ ಹೋಗೋ ಹೊತ್ತಿಗೆ ಆಗಸ್ಟ್. ಬಿತ್ತನೆ ಕಾಯುತ್ತದೆಯೇ? ಊರಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 50,000 ತಂದೆ. ತಿಂಗಳಿಗೆ 1,500, ಎಂಟು ತಿಂಗಳಿಗೆ 12,000. ತಪ್ಪು ಟೈಪು ಮಾಡಿದ್ದು ಅವರು, ಖರೆ. ಆದರೆ ಓದದೇ ಜೇಬಿಗಿಟ್ಟವನು ನಾನು. ಎರಡು ನಿಮಿಷ ಓದಿದ್ದರೆ ಅಲ್ಲೇ ಸರಿಯಾಗುತ್ತಿತ್ತು.

ಒಂದೇ ಸಾಲ, ಮೂರು ಪುಸ್ತಕ

ಮೊದಲು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಮ್ಮ ಒಂದು ಸಾಲ ಮೂರು ಕಡೆ ಬರೆದಿರುತ್ತದೆ.

ಒಂದು, ಬ್ಯಾಂಕು ಅಥವಾ ಸೊಸೈಟಿಯ ಲೆಕ್ಕ. ನಾವು ಕಟ್ಟಿದ ಹಣ ಇಲ್ಲಿ ಜಮಾ ಆಗುತ್ತದೆ.

ಎರಡು, ಕಂದಾಯ ಇಲಾಖೆಯ ಪಹಣಿ. 9ನೇ ಕಲಮಿನಲ್ಲಿ ಹೊಲದವರ ಹೆಸರು, ವಿಸ್ತೀರ್ಣ. 10ರಲ್ಲಿ ಹೊಲ ಹೇಗೆ ಬಂತು ಅನ್ನೋದು. 11ರಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು. ಬೋಜಾ ಅಂದರೆ ಈ 11ನೇ ಕಲಮಿನ ಬರಹ.

ಮೂರು, ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕ. ಕ್ರಯ, ಆಧಾರ, ವಿಭಾಗ ಎಲ್ಲ ಇಲ್ಲಿ ದಾಖಲು. ಇದರಿಂದ ತೆಗೆದುಕೊಡುವುದೇ ಋಣಭಾರ ಪತ್ರ, ನಾವು ಇ.ಸಿ. ಅನ್ನೋದು.

ಬೆಳೆಸಾಲಕ್ಕೆ ನಾವು ರಿಜಿಸ್ಟ್ರಾರ್ ಕಚೇರಿಗೆ ಹೋಗೋದಿಲ್ಲ. ಆದರೂ ಹೊಲದ ಮೇಲೆ ಬೋಜಾ ಹೇಗೆ ಬೀಳುತ್ತದೆ? ಕೃಷಿ ಸಾಲಕ್ಕೆಂದೇ ನಮ್ಮ ರಾಜ್ಯದಲ್ಲಿ 1974ರ ಒಂದು ಕಾಯ್ದೆ ಇದೆ. ರೈತ ಬ್ಯಾಂಕಿನಲ್ಲೇ ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಿದರೆ ಸಾಕು, ಹೊಲದ ಮೇಲೆ ಬ್ಯಾಂಕಿನ ಹಕ್ಕು ಹುಟ್ಟುತ್ತದೆ. ಅದರ ಪ್ರತಿಯನ್ನು ಬ್ಯಾಂಕು ಸಬ್ ರಿಜಿಸ್ಟ್ರಾರ್ ಕಚೇರಿಗೂ ಕಂದಾಯ ಇಲಾಖೆಗೂ ಕಳಿಸುತ್ತದೆ. ಈಗ ಈ ಕೆಲಸ ಬಹಳ ಕಡೆ ಫ್ರೂಟ್ಸ್ ತಂತ್ರಾಂಶದಲ್ಲಿ ಕಂಪ್ಯೂಟರಿನಿಂದಲೇ ನಡೆಯುತ್ತದೆ. ಬೇಗ ಆಗುತ್ತದೆ, ನಿಜ. ಆದರೆ ತಪ್ಪು ಅಂಕಿ ಹಾಕಿದರೆ ತಪ್ಪೂ ಅಷ್ಟೇ ಬೇಗ ದಾಖಲಾಗುತ್ತದೆ.

ಈ ಮೂರು ಪುಸ್ತಕ ತಾವಾಗಿ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ ಅಂತ ನಂಬಬೇಡಿ. ಒಂದರಲ್ಲಿ ಸಾಲ ತೀರಿದರೆ ಇನ್ನೆರಡರಲ್ಲೂ ತೀರಿತು ಅಂತಲ್ಲ. ಮೂರನ್ನೂ ಹೊಂದಿಸಿ ನೋಡೋ ಕೆಲಸ ನಮ್ಮದು. ಹೊಂದಿಸಬೇಕಾದದ್ದು ನಾಲ್ಕೇ: ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಸಾಲದ ಮೊತ್ತ ಮತ್ತು ತಾರೀಖು.

ನಾಲ್ಕರಲ್ಲಿ ಎಲ್ಲಿ ತಪ್ಪುತ್ತದೆ?

ಹೆಸರು: ಒಬ್ಬನೇ ಮನುಷ್ಯ ಪಹಣಿಯಲ್ಲಿ ಹನುಮಂತಪ್ಪ, ಆಧಾರ್ ಕಾರ್ಡಿನಲ್ಲಿ ಹನಮಂತಪ್ಪ, ಬ್ಯಾಂಕಿನಲ್ಲಿ ಹನುಮಪ್ಪ. ಒಂದೇ ಊರಲ್ಲಿ ಅದೇ ಹೆಸರಿನವರು ಮೂವರು ಇರುತ್ತಾರೆ. ಹಂಗಾಗಿ 'ಬಿನ್' ಅಂತ ತಂದೆ ಹೆಸರು, 'ಕೋಂ' ಅಂತ ಗಂಡನ ಹೆಸರು ಸರಿಯಾಗಿರಲೇಬೇಕು. ತೀರಿಹೋದ ತಂದೆ ಹೆಸರಲ್ಲೇ ಪಹಣಿ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ.

ಸರ್ವೆ ನಂಬರು: ನನ್ನ ಕಥೆ ಹೇಳಿಯಾಯಿತು. ಹಳೇ ಕೈಬರಹದಲ್ಲಿ ಕನ್ನಡ ಅಂಕಿಯ ೬ ಮತ್ತು ೯ ಒಂದೇ ಥರ ಕಾಣುತ್ತವೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಅಷ್ಟು ಟೈಪು ಮಾಡುವಾಗ ಅಲ್ಲೊಂದು ಇಲ್ಲೊಂದು ಅಂಕಿ ತಪ್ಪೋದು ಸಹಜ. ಹಿಸ್ಸಾ ನಂಬರನ್ನೂ ಬಿಡಬೇಡಿ. 78 ಬೇರೆ, 78/2 ಬೇರೆ.

ವಿಸ್ತೀರ್ಣ: ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಪಹಣಿಯಲ್ಲಿ 2-20 ಅಂದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಒಟ್ಟು 100 ಗುಂಟೆ, ಎರಡೂವರೆ ಎಕರೆ. ಹೊರಗಿನಿಂದ ಬಂದ ಗುಮಾಸ್ತ ಅದನ್ನು 2.20 ಎಕರೆ ಅಂತ ದಶಾಂಶದಲ್ಲಿ ಓದಿದರೆ 88 ಗುಂಟೆ ಆಗುತ್ತದೆ. ಹನ್ನೆರಡು ಗುಂಟೆ ಕಾಗದದ ಮೇಲೆ ಮಾಯ! ಪತ್ರದಲ್ಲಿ "2 ಎಕರೆ 20 ಗುಂಟೆ" ಅಂತ ಅಕ್ಷರದಲ್ಲೇ ಬರೆಸಿ. ಖರಾಬು ಎಷ್ಟು ಅಂತಲೂ ಬೇರೆ ನೋಡಿ.

ಮೊತ್ತ ಮತ್ತು ತಾರೀಖು: ಸಾಲ ನವೀಕರಿಸಿದಾಗ ಹಳೇ ಬೋಜಾ ತೆಗೆಯದೇ ಹೊಸದು ಹಾಕುತ್ತಾರೆ. ಮೊದಲು 50,000, ಆಮೇಲೆ ಅದೇ ಖಾತೆಯನ್ನು 1,20,000ಕ್ಕೆ ಏರಿಸಿದ್ದು. ಪಹಣಿ ನೋಡಿದವರಿಗೆ 1,70,000 ಸಾಲ ಅಂತ ಕಾಣುತ್ತದೆ. ನವೀಕರಣದ ದಿನವೇ ಹಳೇದನ್ನು ತೆಗೆಯಲು ಪತ್ರ ಕೇಳಿ.

ಸಾಲ ತೆಗೆಯುವ ದಿನ

ಸಹಿ ಹಾಕೋ ಮುಂಚೆ ಘೋಷಣಾ ಪತ್ರ ಅಥವಾ ಆಧಾರ ಪತ್ರದ ಜಮೀನಿನ ಪಟ್ಟಿ ಓದಿ. ಕಣ್ಣು ಕಾಣದಿದ್ದರೆ ಓದುವ ಮಕ್ಕಳನ್ನು ಕರೆದುಕೊಂಡು ಹೋಗಿ. ಹೊಸ ಪಹಣಿ ಕೈಯಲ್ಲಿ ಹಿಡಿದು ಒಂದೊಂದೇ ಅಂಕಿ ಹೋಲಿಸಿ. ಖಾಲಿ ಜಾಗ ಬಿಟ್ಟ ಫಾರಮಿಗೆ ಸಹಿ ಹಾಕಬೇಡಿ.

ನಾಲ್ಕು ಸರ್ವೆ ನಂಬರು ಇದ್ದವರು ಸಣ್ಣ ಸಾಲಕ್ಕೆ ನಾಲ್ಕನ್ನೂ ಬರೆಸಬೇಕಿಲ್ಲ. ಯಾವ ಹೊಲದ ಬೆಳೆಗೆ ಸಾಲವೋ ಆ ಹೊಲ ಸಾಕೇ ಅಂತ ಕೇಳಿ. 2025ರ ಜನವರಿ 1ರಿಂದ ತಲಾ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಆಸ್ತಿ ಆಧಾರ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಅದಕ್ಕೆ ಮುಂಚೆ 2019ರಿಂದ ಈ ಮಿತಿ 1 ಲಕ್ಷ 60 ಸಾವಿರ ಇತ್ತು. ಬೆಳೆ ಮೇಲಿನ ಹಕ್ಕು ಬೇರೆ, ಭೂಮಿ ಆಧಾರ ಬೇರೆ. ಯಾವುದಕ್ಕೆ ಸಹಿ ಹಾಕುತ್ತಿದ್ದೀರಿ ಅಂತ ಬಾಯಿ ಬಿಟ್ಟು ಕೇಳಿ.

ಅಣ್ಣತಮ್ಮಂದಿರ ಜಂಟಿ ಪಹಣಿ ಇದ್ದರೆ ಇನ್ನೂ ಹುಷಾರು. ಒಬ್ಬ ತೆಗೆದ ಸಾಲದ ಬೋಜಾ ಆ ಪಹಣಿಯಲ್ಲೇ ಬರುತ್ತದೆ. ನಾಳೆ ತಮ್ಮ ತನ್ನ ಪಾಲಿನ ಮೇಲೆ ಸಾಲಕ್ಕೆ ಹೋದರೆ ಅಣ್ಣನ ಬೋಜಾ ಅಡ್ಡ ಬರುತ್ತದೆ. ಮನೆತನ ಒಡೆಯುವ ಜಗಳಕ್ಕೆ ಇಷ್ಟು ಸಾಕು. ಯಾರ ಹೆಸರು, ಎಷ್ಟು ಪಾಲು ಅಂತ ಸ್ಪಷ್ಟ ಬರೆಸಿ. ಸಾಧ್ಯವಾದರೆ ಮೊದಲು ವಿಭಾಗ, ಪೋಡಿ ಮಾಡಿಸಿಕೊಳ್ಳಿ.

ಸಹಿ ಹಾಕಿದ ಪತ್ರದ ಒಂದು ಜೆರಾಕ್ಸ್ ತಂದಿಟ್ಟುಕೊಳ್ಳಿ. ಒಂದೆರಡು ತಿಂಗಳ ಮೇಲೆ ಪಹಣಿ ತೆಗೆಸಿ, 11ನೇ ಕಲಮಿನಲ್ಲಿ ಸರಿಯಾಗಿ ಬಂದಿದೆಯೇ ನೋಡಿ. ಬೋಜಾ ಕೂರಿಸಿದ ಎಂ.ಆರ್. ನಂಬರ್, ಅಂದರೆ ಮ್ಯುಟೇಶನ್ ನಂಬರನ್ನು ಬರೆದಿಟ್ಟುಕೊಳ್ಳಿ. ಬೋಜಾ ತೆಗೆಸುವ ದಿನ ಅದೇ ನಂಬರು ಬೇಕಾಗುತ್ತದೆ.

ಸಾಲ ತೀರಿಸಿದ ಮೇಲೆ

ಹಣ ಕಟ್ಟಿದ ರಸೀದಿ ಒಂದೇ ಸಾಲದು. ಅವತ್ತೇ ಇವನ್ನೂ ಕೇಳಿ:

1. ಖಾತೆಯಲ್ಲಿ ಬಾಕಿ ಸೊನ್ನೆ ಅಂತ ತೋರಿಸುವ ಲೆಕ್ಕದ ಪ್ರತಿ. ಕೈಯಲ್ಲಿ ಕಟ್ಟಿದ ಹಣಕ್ಕೂ ಬಾಕಿಗೂ ಹತ್ತು ರೂಪಾಯಿ ವ್ಯತ್ಯಾಸ ಉಳಿದರೂ ಖಾತೆ ಮುಚ್ಚೋದಿಲ್ಲ, ಬಡ್ಡಿ ಬೆಳೆಯುತ್ತದೆ.

2. ಬೇಬಾಕಿ ಪತ್ರ. ಖಾತೆ ನಂಬರು, ಹೆಸರು, ಸರ್ವೆ ನಂಬರು, ತಾರೀಖು, ಮೊಹರು, ಸಹಿ ಎಲ್ಲ ಇರಬೇಕು.

3. ಬೋಜಾ ತೆಗೆಯಲು ಕಂದಾಯ ಇಲಾಖೆಗೆ ಪತ್ರ. ಅಥವಾ ಬ್ಯಾಂಕು ಕಂಪ್ಯೂಟರಿನಲ್ಲೇ ತೆಗೆಯುವುದಾದರೆ ಆ ಕೋರಿಕೆಯ ನಂಬರು.

4. ರಿಜಿಸ್ಟರ್ ಆದ ಆಧಾರ ಪತ್ರ ಇದ್ದರೆ ಅದಕ್ಕೆ ರಿಜಿಸ್ಟರ್ ಆದ ಆಧಾರ ಖುಲಾಸೆ ಪತ್ರ. ಘೋಷಣೆಯ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದರೆ, ಸಾಲ ತೀರಿದ ವಿಷಯವೂ ಅಲ್ಲಿಗೆ ಹೋಗಬೇಕು.

5. ಅಡವಿಟ್ಟ ಮೂಲ ಪತ್ರಗಳು. ಕೊಟ್ಟಾಗ ಪಟ್ಟಿ ಮಾಡಿ ರಸೀದಿ ತಗೊಂಡಿದ್ದರೆ ವಾಪಸ್ ಪಡೆಯುವಾಗ ಎಣಿಸೋದು ಸುಲಭ.

ಇಷ್ಟಾದ ಮೇಲೂ ಮುಗಿಯಲಿಲ್ಲ. ಹೊಸ ಪಹಣಿ ತೆಗೆಸಿ, 11ನೇ ಕಲಂ ಖಾಲಿ ಆದದ್ದು ಕಣ್ಣಾರೆ ಕಂಡ ಮೇಲೆ ಸಾಲ ತೀರಿತು ಅನ್ನಿ.

ಮನ್ನಾ ಆದ ಸಾಲಕ್ಕೂ ಇದೇ ಮಾತು. 2008ರಲ್ಲಿ ಕೇಂದ್ರ ಸರ್ಕಾರ, 2017 ಮತ್ತು 2018ರಲ್ಲಿ ರಾಜ್ಯ ಸರ್ಕಾರ ಸಾಲ ಮನ್ನಾ ಮಾಡಿದವು. ಮನ್ನಾ ಹಣ ಹೋಗುವುದು ಬ್ಯಾಂಕಿನ ಲೆಕ್ಕಕ್ಕೆ. ಪಹಣಿಯ ಬೋಜಾ ತಾನಾಗಿ ಅಳಿಸುವುದಿಲ್ಲ. ಮನ್ನಾ ಪಡೆದವರು ಈಗಲೂ ಒಮ್ಮೆ ಪಹಣಿ ನೋಡಿಕೊಳ್ಳಿ.

ಕೆಲವರ ಪಹಣಿಯಲ್ಲಿ ಈಗ ಇಲ್ಲದ ಬ್ಯಾಂಕಿನ ಹೆಸರು ಇರುತ್ತದೆ. ಗಾಬರಿ ಬೇಡ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿಗೆ ಸೇರಿತು. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕು, ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ಒಂದಾದವು. 2025ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ ಬಂತು. ಸೇರಿಸಿಕೊಂಡ ಬ್ಯಾಂಕೇ ಹಳೇ ಸಾಲಕ್ಕೂ ಬೇಬಾಕಿ ಪತ್ರ ಕೊಡಬೇಕು. ಪತ್ರದಲ್ಲಿ "ಹಿಂದಿನ ಇಂಥ ಬ್ಯಾಂಕ್" ಅಂತ ಹಳೇ ಹೆಸರನ್ನೂ ಬರೆಸಿ. ಇಲ್ಲದಿದ್ದರೆ ಪಹಣಿಯ ಹೆಸರಿಗೂ ಪತ್ರದ ಹೆಸರಿಗೂ ತಾಳೆ ಆಗದೆ ಮತ್ತೆ ವಾಪಸ್ ಬರುತ್ತದೆ.

ಹೊಲ ಕೊಳ್ಳುವವರಿಗೆ: ನಮ್ಮ ಷಡ್ಡಕನ ಪಾಠ

ಇಲ್ಲಿವರೆಗೆ ನಮ್ಮ ಸಾಲದ ಮಾತು. ಇನ್ನೊಬ್ಬರ ಸಾಲ ನಮ್ಮ ತಲೆಗೆ ಬರೋದು ಹೊಲ ಕೊಳ್ಳುವಾಗ.

ನಮ್ಮ ಷಡ್ಡಕ 2016ರಲ್ಲಿ ಎರಡು ಎಕರೆ ಕೊಂಡ. ಪಹಣಿ ನೋಡಿದ, 11ನೇ ಕಲಂ ಖಾಲಿ. ಹದಿನೈದು ವರ್ಷದ ಇ.ಸಿ. ತೆಗೆಸಿದ, ಅದೂ ನಿಲ್. ಹೆಂಡತಿಯ ಒಡವೆ ಮಾರಿ ದುಡ್ಡು ಕೊಟ್ಟು ರಿಜಿಸ್ಟರ್ ಮಾಡಿಸಿಕೊಂಡ. 2018ರಲ್ಲಿ ಆ ಹೊಲದ ಮೇಲೆ ಸಾಲ ಇದೆ ಅಂತ ನೋಟಿಸು ಬಂತು. ಮಾರಿದವನ ತಂದೆ 2009ರಲ್ಲಿ ಆಧಾರ ಪತ್ರ ರಿಜಿಸ್ಟರ್ ಮಾಡಿಕೊಟ್ಟು ಸಾಲ ತೆಗೆದಿದ್ದ.

ಹದಿನೈದು ವರ್ಷದ ಇ.ಸಿ.ಯಲ್ಲಿ 2009ರ ಆಧಾರ ಯಾಕೆ ಬರಲಿಲ್ಲ? ಆಗ ಹೊಲದ ನಂಬರು 112/1. 2013ರಲ್ಲಿ ಪೋಡಿ ಆಗಿ ಆ ಭಾಗ 112/3 ಆಯಿತು. ಆಧಾರ ದಾಖಲಾಗಿದ್ದು 112/1ರ ಕೆಳಗೆ. ನಮ್ಮವನು ಇ.ಸಿ. ಕೇಳಿದ್ದು 112/3ಕ್ಕೆ ಮಾತ್ರ. ಪೋಡಿಯ ಹೊತ್ತಿಗೆ ಹಳೇ ಪಹಣಿಯ ಬೋಜಾ ಹೊಸ ಪಹಣಿಗೆ ಏರಿರಲಿಲ್ಲ. ಎರಡು ಕಾಗದವೂ ಸುಳ್ಳು ಹೇಳಲಿಲ್ಲ. ಕೇಳಿದ ನಂಬರಿಗೆ ಉತ್ತರ ಕೊಟ್ಟವು, ಅಷ್ಟೇ.

ಇ.ಸಿ.ಯ ಮೇಲೇ ಈ ಎಚ್ಚರಿಕೆ ಅಚ್ಚಾಗಿರುತ್ತದೆ. ಅರ್ಜಿದಾರ ಕೊಟ್ಟ ವಿವರದ ಪ್ರಕಾರ ಹುಡುಕಲಾಗಿದೆ, ಅದೇ ಆಸ್ತಿಯನ್ನು ಪತ್ರದಲ್ಲಿ ಬೇರೆ ರೀತಿ ವಿವರಿಸಿದ್ದರೆ ಅದು ಇದರಲ್ಲಿ ಬರುವುದಿಲ್ಲ ಅನ್ನುವ ಅರ್ಥದ ಮಾತು. ನಾವು ಓದೋದಿಲ್ಲ.

"ನನಗೆ ಗೊತ್ತಿರಲಿಲ್ಲ ಸ್ವಾಮಿ" ಅಂತ ಅವನು ಗೋಗರೆದ. ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ, ಸರಿಯಾಗಿ ರಿಜಿಸ್ಟರ್ ಆಗಿ ಸೂಚಿಯಲ್ಲಿ ದಾಖಲಾದ ಪತ್ರ ಕೊಳ್ಳುವವನಿಗೆ ಗೊತ್ತಿದ್ದಂತೆಯೇ ಲೆಕ್ಕ. ಕೊನೆಗೆ ರಾಜಿಯಲ್ಲಿ 85,000 ಇವನೇ ಕಟ್ಟಿದ. ಮಾರಿದವನು ಊರು ಬಿಟ್ಟಿದ್ದ.

ಇ.ಸಿ. ಕೇಳುವ ರೀತಿ

ಅರ್ಜಿಯಲ್ಲಿ ಬರೆದಷ್ಟೇ ಹುಡುಕುತ್ತಾರೆ. ಆದ್ದರಿಂದ:

ಹೊಸ ನಂಬರಿನ ಜೊತೆ ಹಳೇ ನಂಬರುಗಳನ್ನೂ ಬರೆಯಿರಿ. ಹಳೇ ನಂಬರು ತಿಳಿಯಲು ಮಾರುವವರ ಹಿಂದಿನ ಕ್ರಯಪತ್ರ, ಪೋಡಿ ನಕ್ಷೆ, ಆಕಾರಬಂದ್, ಹಳೇ ಕೈಬರಹದ ಪಹಣಿ ನೋಡಿ. ಹಳೇ ನಂಬರಿನ ಪಹಣಿಯ 11ನೇ ಕಲಮನ್ನೂ ತಪ್ಪದೇ ನೋಡಿ.

ಊರು, ಹೋಬಳಿ, ತಾಲ್ಲೂಕು ಮೂರನ್ನೂ ಬರೆಯಿರಿ. ಒಂದೇ ಹೆಸರಿನ ಹಳ್ಳಿ ಎರಡು ಹೋಬಳಿಯಲ್ಲಿ ಇರುತ್ತವೆ. ಹೊಸ ತಾಲ್ಲೂಕು ಆಗಿದ್ದರೆ ಹಳೇ ವರ್ಷಗಳ ಪುಸ್ತಕ ಹಿಂದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇರಬಹುದು. ಅಲ್ಲೂ ಕೇಳಿ.

ಚೆಕ್ಕುಬಂದಿ ಕೊಡಿ. ನಾಲ್ಕು ದಿಕ್ಕಿನ ಗಡಿ ನೋಡಿದರೆ ನಂಬರ್ ತಪ್ಪಿದ್ದರೂ ಹೊಲ ಗುರುತಿಗೆ ಸಿಗುತ್ತದೆ.

ಹೆಸರಿನಿಂದಲೂ ಹುಡುಕಿಸಿ. ಅಲ್ಲಿ ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ. ಮಾರುವವರ ಹೆಸರು, ತಂದೆ, ಅಜ್ಜನ ಹೆಸರು, ಹೆಸರಿನ ಬೇರೆ ಬೇರೆ ಬರಹ ಎಲ್ಲ ಕೊಡಿ.

ವರ್ಷ ಕಡಿಮೆ ಮಾಡಬೇಡಿ. ಹದಿಮೂರು, ಹದಿನೈದು ವರ್ಷದ್ದು ಸಾಕು ಅಂತಾರೆ. ಆದರೆ ಆಧಾರವಿಟ್ಟ ಹೊಲ ಬಿಡಿಸಿಕೊಳ್ಳಲು ಲಿಮಿಟೇಷನ್ ಕಾಯ್ದೆಯಲ್ಲಿ 30 ವರ್ಷ ಅವಕಾಶ ಇದೆ. ಅದಕ್ಕೇ ತಿಳಿದವರು 30 ವರ್ಷದ ಇ.ಸಿ. ಕೇಳುತ್ತಾರೆ. ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ತೆಗೆಯಬಹುದು. ಅದರಲ್ಲಿ ಸಿಗದ ಹಳೇ ವರ್ಷಗಳಿಗೆ ಕಚೇರಿಯ ಪುಸ್ತಕವನ್ನೇ ಹುಡುಕಿಸಬೇಕು. ಎರಡರ ನಡುವೆ ಒಂದು ವರ್ಷವೂ ಬಿಟ್ಟುಹೋಗದಂತೆ ತಾರೀಖು ಹೊಂದಿಸಿ.

ಮುಂಗಡ ಕೊಡುವ ಮುಂಚೆ ಒಂದು ಇ.ಸಿ., ರಿಜಿಸ್ಟರ್ ಹಿಂದಿನ ದಿನ ಒಂದು, ಆದ ಮೇಲೆ ಒಂದು ತೆಗೆಸಿ. ಪತ್ರ ಬರೆದ ನಾಲ್ಕು ತಿಂಗಳವರೆಗೂ ರಿಜಿಸ್ಟರಿಗೆ ಹಾಜರುಪಡಿಸಬಹುದು. ರಿಜಿಸ್ಟರ್ ಆದರೆ ಪತ್ರ ಬರೆದ ದಿನದಿಂದಲೇ ಅದಕ್ಕೆ ಬೆಲೆ. ನಡುವೆ ಏನಾದರೂ ನುಸುಳಿದ್ದರೆ ಕೊನೆಯ ಇ.ಸಿ.ಯಲ್ಲಿ ಕಾಣುತ್ತದೆ.

ಇ.ಸಿ. ಓದುವ ರೀತಿ

ವಹಿವಾಟು ಏನೂ ಸಿಗದಿದ್ದರೆ ನಮೂನೆ 16 ಕೊಡುತ್ತಾರೆ, ಅದೇ ನಿಲ್. ವಹಿವಾಟು ಇದ್ದರೆ ನಮೂನೆ 15. ಬಹಳ ಜನ 15 ಬಂದರೆ ಹೆದರುತ್ತಾರೆ, 16 ಬಂದರೆ ಕುಣಿಯುತ್ತಾರೆ. ಎರಡೂ ಸರಿಯಲ್ಲ. ಮಾರುವವನೇ ಹತ್ತು ವರ್ಷದ ಹಿಂದೆ ಕೊಂಡ ಹೊಲಕ್ಕೆ 30 ವರ್ಷದ ಇ.ಸಿ. ನಿಲ್ ಬಂದರೆ ಅನುಮಾನ ಪಡಬೇಕು. ಅವನು ಕೊಂಡ ಕ್ರಯವಾದರೂ ಅದರಲ್ಲಿ ಬರಬೇಕಿತ್ತಲ್ಲ! ಬಂದಿಲ್ಲ ಅಂದರೆ ಹುಡುಕಿದ ನಂಬರೇ ತಪ್ಪು.

ಇನ್ನೊಂದು ಮಾತು. ಪಹಣಿಯಲ್ಲಿ ಬೋಜಾ ತೆಗೆದರೆ ಮುಂದಿನ ಪಹಣಿಯಲ್ಲಿ ಇರೋದಿಲ್ಲ. ಇ.ಸಿ. ಹಾಗಲ್ಲ. ಅದು ಚರಿತ್ರೆ ಇದ್ದಂತೆ, ಏನೂ ಅಳಿಸೋದಿಲ್ಲ. ಆಧಾರವೂ ಇರುತ್ತದೆ, ಖುಲಾಸೆಯೂ ಇರುತ್ತದೆ. ಒಂದು ಕಲ್ಪಿತ ಉದಾಹರಣೆ ನೋಡಿ:

2006 – ಕ್ರಯ
2011 – ಆಧಾರ, 1,50,000
2017 – ಖುಲಾಸೆ, 2011ರ ಆಧಾರಕ್ಕೆ
2019 – ಆಧಾರ, 2,00,000

ಜೋಡೆತ್ತಿನ ಹಾಗೆ ಆಧಾರಕ್ಕೊಂದು ಖುಲಾಸೆ ಜೋಡಿ ಮಾಡುತ್ತಾ ಹೋಗಿ. 2011ರದ್ದಕ್ಕೆ 2017 ಜೋಡಿ. 2019ರದ್ದು ಒಂಟಿ. ಆ ಒಂಟಿಯೇ ಇನ್ನೂ ತೀರದ ಸಾಲ. ಜೋಡಿ ಮಾಡುವಾಗ ಖುಲಾಸೆಯಲ್ಲಿ ಹೇಳಿದ ಪತ್ರದ ನಂಬರು ಅದೇ ಆಧಾರದ್ದೇ ಅಂತ ನೋಡಿ.

ಇ.ಸಿ.ಯಲ್ಲಿ ಕಾಣದ ಸಾಲ

ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಸಾಲ ತೆಗೆಯುವ ಪದ್ಧತಿ ಒಂದಿದೆ. ಕಾನೂನಿನಲ್ಲಿ ಅದೂ ಆಧಾರವೇ. ಅದಕ್ಕೆ ಪತ್ರ ರಿಜಿಸ್ಟರ್ ಮಾಡಲೇಬೇಕು ಅಂತಿಲ್ಲ. ಮಾಡದಿದ್ದರೆ ಇ.ಸಿ.ಯಲ್ಲಿ ಕಾಣದೇ ಹೋಗಬಹುದು. ಅದಕ್ಕೇ ಮಾರುವವರ ಹತ್ತಿರ ಮೂಲ ಪತ್ರವನ್ನೇ ಕೇಳಿ. "ಜೆರಾಕ್ಸ್ ಇದೆ, ಮೂಲ ಕಳೆದಿದೆ" ಅಂದರೆ ಮುಂಗಡ ಕೊಡಬೇಡಿ. ಇಂಥ ಆಧಾರಗಳನ್ನು ಹುಡುಕಲು ಸೆರ್ಸಾಯ್ ಅನ್ನುವ ಕೇಂದ್ರ ನೋಂದಣಿ 2011ರಿಂದ ಇದೆ. ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಮನೆ, ನಿವೇಶನಕ್ಕೆ ಅದು ಉಪಯೋಗ. ಆದರೆ ಅದು ಹುಟ್ಟಿದ 2002ರ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹೊಲದ ವಿಚಾರಕ್ಕೆ ಅದೊಂದನ್ನೇ ನಂಬಬೇಡಿ.

ಕೈಸಾಲದ ಕರಾರು, ರಿಜಿಸ್ಟರ್ ಆಗದ ಒಪ್ಪಂದ, ಕೋರ್ಟಿನ ಎಲ್ಲ ದಾವೆ ಇ.ಸಿ.ಯಲ್ಲಿ ಸಿಗೋದಿಲ್ಲ. ಊರಿನ ಸೊಸೈಟಿಗೆ, ಹತ್ತಿರದ ಬ್ಯಾಂಕುಗಳಿಗೆ ಹೋಗಿ ವಿಚಾರಿಸಿ. ಮಾರುವವರ ಜೊತೆಗೇ ಹೋಗಿ ಬೇಬಾಕಿ ಪತ್ರ ಕೇಳಿ. ಪಕ್ಕದ ಹೊಲದವರನ್ನು ಮಾತಾಡಿಸಿ. ಕಾಗದಕ್ಕೆ ಗೊತ್ತಿಲ್ಲದ್ದು ಬದುವಿನವರಿಗೆ ಗೊತ್ತಿರುತ್ತದೆ.

ಟ್ರ್ಯಾಕ್ಟರ್, ಟಿಲ್ಲರ್ ಇದ್ದವರಿಗೆ

ಸಾಲದ ಟ್ರ್ಯಾಕ್ಟರಿನ ಆರ್.ಸಿ.ಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರು ಬರೆದಿರುತ್ತದೆ. ಸಾಲ ಹಾಕುವಾಗ ನಮೂನೆ 34, ತೆಗೆಯುವಾಗ ನಮೂನೆ 35. ಕಂತು ಮುಗಿದ ದಿನವೇ ಸಾಲಗಾರರ ಸಹಿ, ಮೊಹರು ಇರುವ ನಮೂನೆ 35 ಮತ್ತು ಬೇಬಾಕಿ ಪತ್ರ ಪಡೆದು ಆರ್.ಟಿ.ಓ. ಕಚೇರಿಗೆ ಕೊಡಿ. ಚಾಸಿ ನಂಬರ್, ಇಂಜಿನ್ ನಂಬರ್ ಒಂದೊಂದೇ ಅಕ್ಷರ ಹೋಲಿಸಿ. ಹಳೇ ಟ್ರ್ಯಾಕ್ಟರ್ ಕೊಳ್ಳುವವರು ಆರ್.ಸಿ.ಯ ಈ ಸಾಲನ್ನು ಮೊದಲು ನೋಡಿ, ಇಂಜಿನ್ ಆಮೇಲೆ ನೋಡಿ.

ತಪ್ಪು ಸಿಕ್ಕರೆ

ಮೊದಲು ತಪ್ಪು ಯಾವ ಪುಸ್ತಕದಲ್ಲಿ ಹುಟ್ಟಿತು ಅಂತ ಹುಡುಕಿ. ಬ್ಯಾಂಕಿನ ಪತ್ರವೇ ತಪ್ಪಿದ್ದರೆ ತಹಸೀಲ್ದಾರ್ ಕಚೇರಿಯಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ. ಬ್ಯಾಂಕಿನಿಂದಲೇ ತಿದ್ದಿದ ಪತ್ರ ಬರಬೇಕು. ಪತ್ರ ಸರಿ ಇದ್ದು ಪಹಣಿಯಲ್ಲಿ ಟೈಪು ತಪ್ಪಿದ್ದರೆ ತಹಸೀಲ್ದಾರರಿಗೆ ತಿದ್ದುಪಡಿ ಅರ್ಜಿ. ಮ್ಯುಟೇಶನ್ ಆದೇಶವೇ ತಪ್ಪಿದ್ದರೆ ಭೂ ಕಂದಾಯ ಕಾಯ್ದೆಯ 136ನೇ ಕಲಮಿನಂತೆ ಎ.ಸಿ. ಸಾಹೇಬರ ಬಳಿ ಮೇಲ್ಮನವಿ. ರಿಜಿಸ್ಟರ್ ಪತ್ರದಲ್ಲೇ ತಪ್ಪಿದ್ದರೆ ಬರೆದುಕೊಟ್ಟವರು, ಬರೆಸಿಕೊಂಡವರು ಸೇರಿ ತಿದ್ದುಪಡಿ ಪತ್ರ ರಿಜಿಸ್ಟರ್ ಮಾಡಿಸಬೇಕು. ಬರೆದುಕೊಟ್ಟವರು ಬದುಕಿರುವಾಗಲೇ ಮಾಡಿಸಿಕೊಳ್ಳಿ.

ಎಲ್ಲ ಅರ್ಜಿಯೂ ಬರಹದಲ್ಲಿರಲಿ. ಸ್ವೀಕೃತಿ ಸಹಿ, ತಾರೀಖು ಪಡೆಯಿರಿ. ಬ್ಯಾಂಕಿಗೆ ಬರೆದು ಕೊಟ್ಟು 30 ದಿನ ಕಳೆದರೂ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ. ಊರಿನ ಸೊಸೈಟಿಯ ದೂರಾದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಕೊಡಿ.

ಕೊನೆಗೆ

ಈಗ ನಮ್ಮ ಮನೆಯಲ್ಲಿ ಒಂದು ನೂರು ಹಾಳೆಯ ನೋಟುಬುಕ್ಕು ಇದೆ. ಒಂದೊಂದು ಸರ್ವೆ ನಂಬರಿಗೆ ಒಂದೊಂದು ಹಾಳೆ. ಹಳೇ ನಂಬರು, ಹೊಸ ನಂಬರು, ವಿಸ್ತೀರ್ಣ, ಸಾಲ ತೆಗೆದ ದಿನ, ಎಂ.ಆರ್. ನಂಬರು, ತೀರಿಸಿದ ದಿನ, ಬೋಜಾ ಹೋದ ಪಹಣಿಯ ತಾರೀಖು, ಎಲ್ಲ ಬರೆದಿದ್ದೇನೆ. ಯುಗಾದಿ ಮುಗಿದ ವಾರ, ಮುಂಗಾರಿನ ಕೆಲಸ ಶುರುವಾಗೋ ಮುಂಚೆ, ಎಲ್ಲ ಹೊಲದ ಪಹಣಿ ತೆಗೆಸಿ 11ನೇ ಕಲಂ ನೋಡಿ ನೋಟುಬುಕ್ಕಿಗೆ ತಾಳೆ ಹಾಕುತ್ತೇನೆ. ಅರ್ಧ ದಿನದ ಕೆಲಸ. ಸಾಲಕ್ಕೆ ಹೋಗುವ ಮುಂಚೆಯೇ ತಪ್ಪು ಗೊತ್ತಾದರೆ ತಿದ್ದಿಸಲು ಕಾಲ ಇರುತ್ತದೆ. ಮಳೆ ಬಿದ್ದ ಮೇಲೆ ಗೊತ್ತಾದರೆ ಬಡ್ಡಿಯವನ ಬಾಗಿಲೇ ಗತಿ.

ಈ ಸಂಚಿಕೆ ಓದಿ ಮುಗಿಸಿದ ಮೇಲೆ ನಿಮ್ಮ ಪಹಣಿಯನ್ನೂ ಒಮ್ಮೆ ತೆಗೆದು ನೋಡಿ. 11ನೇ ಕಲಮಿನಲ್ಲಿ ಇರುವುದೆಲ್ಲ ನಿಮಗೆ ಗೊತ್ತಿರುವ ಸಾಲವೇ?